ಒತ್ತಕ್ಷರಕ್ಕೆ ಎಷ್ಟು ಗೆರೆ? ಆರಂಭದ ಕಂಪ್ಯೂಟರ್ ಪರದೆಗಳು ಮತ್ತು ಬೀದರ ಸೀಮೆ

ಬೀದರ ಎಂದು ಬರೆದರೆ ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ. ಔರಾದ ಎಂದು ಬರೆದರೂ ಅಷ್ಟೆ. ಭಾಲ್ಕಿ ಎಂದು ಬರೆದರೆ ಮಾತ್ರ ಗುಡಿಸು ಮೇಲೇರುತ್ತದೆ, ಕಕಾರದ ಒತ್ತು ಕೆಳಗಿಳಿಯುತ್ತದೆ, ಮೊದಲ ಅಕ್ಷರ ಮಹಾಪ್ರಾಣವೆಂದು ತೋರಿಸಲು ಹೊಟ್ಟೆಯ ಅಡಿಯಲ್ಲಿ ಒಂದು ಸಣ್ಣ ಸೀಳು ಬೇಕಾಗುತ್ತದೆ. ಕಾಗದದ ಮೇಲೆ ಇದು ಗಮನಕ್ಕೂ ಬಾರದ ಸಂಗತಿ. 1980ರ ದಶಕದ ಕಂಪ್ಯೂಟರ್ ಪರದೆಯ ಮೇಲೆ ಇದೇ ಒಂದು ದೊಡ್ಡ ತಾಂತ್ರಿಕ ತೊಡಕಾಗಿತ್ತು. ಪರದೆಯ ಚರಿತ್ರೆಯನ್ನು ಸಾಮಾನ್ಯವಾಗಿ ಬಣ್ಣಗಳ ಲೆಕ್ಕದಲ್ಲಿ ಹೇಳುತ್ತಾರೆ: ಮೊದಲು ಹಸಿರು ಮಾತ್ರ, ಆಮೇಲೆ ನಾಲ್ಕು ಬಣ್ಣ, ಹದಿನಾರು, ಕೊನೆಗೆ 256. ಅಮೆರಿಕದ ಆಟಗಾರರಿಗೆ ಆ ಲೆಕ್ಕ ಸರಿ. ಬೀದರ ಜಿಲ್ಲೆಯ ತಹಸೀಲ್ ಕಚೇರಿಗೆ, ಕಾಲೇಜಿನ ಪ್ರಯೋಗಾಲಯಕ್ಕೆ, ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಗೆ ಅದರಿಂದ ಹೆಚ್ಚಿನದೇನೂ ತಿಳಿಯುವುದಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು. ಬರಹದ ಒಂದು ಸಾಲಿಗೆ ಪರದೆಯ ಎಷ್ಟು ಗೆರೆಗಳು ಸಿಗುತ್ತಿದ್ದವು? ಆ ಗೆರೆಗಳ ಮೇಲೆ ಅಕ್ಷರದ ಆಕಾರವನ್ನು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿತ್ತು?

ಎಂಟು ಗೆರೆಯ ಮನೆ

ಐಬಿಎಂ ತನ್ನ 5150 ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿದ್ದು 1981ರ ಆಗಸ್ಟ್ 12ರಂದು. ಕೊಳ್ಳುವವರು ಎರಡು ಡಿಸ್‌ಪ್ಲೇ ಕಾರ್ಡುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಒಂದು ಏಕವರ್ಣದ ಎಂಡಿಎ, ಇನ್ನೊಂದು ಬಣ್ಣದ ಸಿಜಿಎ. ಎರಡರ ಹೃದಯವೂ ಒಂದೇ: ಮೋಟೊರೋಲಾ ಕಂಪನಿಯ 6845 ಎಂಬ ಚಿಪ್. ಪಿಕ್ಚರ್ ಟ್ಯೂಬಿನೊಳಗೆ ಇಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ ಒಂದೊಂದೇ ಗೆರೆ ಎಳೆಯುತ್ತ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಯಾವ ಗೆರೆಯ ಯಾವ ಜಾಗದಲ್ಲಿ ಯಾವ ಅಕ್ಷರದ ತುಣುಕು ಬರಬೇಕು ಎಂದು ಎಣಿಕೆ ಇಡುವುದು ಈ ಚಿಪ್ಪಿನ ಕೆಲಸ. ಒಂದು ಸಾಲು ಬರಹ ಎಷ್ಟು ಗೆರೆ ಎತ್ತರವಿರಬೇಕು ಎಂಬುದೂ ಅದರೊಳಗಿನ ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟ ಅಂಕಿಯೇ. ಆ ಅಂಕಿಯನ್ನು ಬದಲಿಸಬಹುದಿತ್ತು. ಅದರ ಜೊತೆಗಿದ್ದ ಅಕ್ಷರದ ಆಕಾರವನ್ನು ಬದಲಿಸುವಂತಿರಲಿಲ್ಲ.

ಎಂಡಿಎ ಪರದೆಯಲ್ಲಿ ಅಡ್ಡಕ್ಕೆ 80 ಅಂಕಣ, ಉದ್ದಕ್ಕೆ 25 ಸಾಲು. 80ರ ಲೆಕ್ಕ ಅದಕ್ಕೂ ಹಳೆಯದಾದ ರಂಧ್ರದ ಕಾರ್ಡಿನಿಂದ ಇಳಿದು ಬಂದದ್ದು. ಒಟ್ಟು 2,000 ಮನೆ. ಪ್ರತಿ ಮನೆಗೆ ಎರಡು ಬೈಟ್: ಒಂದು ಅಕ್ಷರದ ಸಂಖ್ಯೆಗೆ, ಇನ್ನೊಂದು ಅಡಿಗೆರೆ, ಹೊಳಪು ಮುಂತಾದ ಗುಣಕ್ಕೆ. ಹೀಗೆ 4,000 ಬೈಟ್ ಸಾಕು. ಕಾರ್ಡಿನಲ್ಲಿ ಇದ್ದದ್ದೂ ನಾಲ್ಕು ಕಿಲೋಬೈಟ್ ಸ್ಮೃತಿ ಮಾತ್ರ. ಒಂದೊಂದು ಮನೆ 9 ಚುಕ್ಕಿ ಅಗಲ, 14 ಗೆರೆ ಎತ್ತರ. ಅದರೊಳಗೆ ಇಂಗ್ಲಿಷ್ ಅಕ್ಷರ ತೆಗೆದುಕೊಳ್ಳುತ್ತಿದ್ದುದು 7 ಚುಕ್ಕಿ, 9 ಗೆರೆ. ಉಳಿದದ್ದು ಗಾಳಿ. ಕಣ್ಣಿಗೆ ಹಿತವಾಗಲೆಂದು ಐಬಿಎಂ ಬಿಟ್ಟ ಜಾಗ ಅದು. ಪರದೆ ಸೆಕೆಂಡಿಗೆ 50 ಬಾರಿ ಮಾತ್ರ ತಾಜಾ ಆಗುತ್ತಿದ್ದರೂ ಹಸಿರು ರಂಜಕದ ಹೊಳಪು ತಡವಾಗಿ ಆರುತ್ತಿದ್ದ ಕಾರಣ ಅಕ್ಷರ ಮಿನುಗುತ್ತಿರಲಿಲ್ಲ. ಪುಟ ಸರಿಸಿದಾಗ ಹಳೆಯ ಸಾಲಿನ ನೆರಳು ಒಂದು ಕ್ಷಣ ಉಳಿದು ಮಾಯವಾಗುತ್ತಿತ್ತು.

ಸಿಜಿಎ ಅಕ್ಷರದ ವಿಷಯದಲ್ಲಿ ಬಡವ. ಅದರ ಮನೆ 8 ಚುಕ್ಕಿ ಅಗಲ, 8 ಗೆರೆ ಎತ್ತರ, ಇಡೀ ಪರದೆಗೆ 200 ಗೆರೆ. 16 ಕಿಲೋಬೈಟ್ ಸ್ಮೃತಿಯಲ್ಲಿ 320 ಚುಕ್ಕಿ ಅಗಲದ ಚಿತ್ರಕ್ಕೆ ನಾಲ್ಕು ಬಣ್ಣ, 640 ಚುಕ್ಕಿಯದಕ್ಕೆ ಎರಡು. ಇಷ್ಟು ಕಡಿಮೆ ಗೆರೆಗೆ ಕಾರಣ ಸಿಜಿಎ ಅಮೆರಿಕದ ಟಿವಿಯ ಅಳತೆಗೆ ಹೊಂದಿಕೊಂಡದ್ದು. ಮನೆಯ ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳುವ ಅನುಕೂಲ ಅಲ್ಲಿನವರಿಗಿತ್ತು. ನಮ್ಮಲ್ಲಿ ಆ ದಾರಿಯೂ ಮುಚ್ಚಿತ್ತು. 1982ರ ಏಷ್ಯನ್ ಕ್ರೀಡಾಕೂಟದ ವರ್ಷ ಭಾರತಕ್ಕೆ ಬಂದ ಬಣ್ಣದ ಟಿವಿ 625 ಗೆರೆಯ, ಸೆಕೆಂಡಿಗೆ 25 ಚಿತ್ರದ ಪಾಲ್ ಪದ್ಧತಿಯದು. ಸಿಜಿಎ ಹೊರಗೆ ಬಿಡುತ್ತಿದ್ದುದು ಅಮೆರಿಕದ ಎನ್‌ಟಿಎಸ್‌ಸಿ ಸಂಕೇತ. ಅದನ್ನು ಇಲ್ಲಿನ ಟಿವಿಗೆ ಕೊಟ್ಟರೆ ಬಣ್ಣ ಮೂಡುವುದಿಲ್ಲ, ಚಿತ್ರ ನಿಲ್ಲುವುದೂ ಖಾತ್ರಿಯಿಲ್ಲ. ಈ ಸೀಮೆಯ ಜನಕ್ಕೆ ಟಿವಿ ಹೊಸದೇನೂ ಆಗಿರಲಿಲ್ಲ. 1975-76ರ ಉಪಗ್ರಹ ಶೈಕ್ಷಣಿಕ ಟಿವಿ ಪ್ರಯೋಗ ಕರ್ನಾಟಕದಲ್ಲಿ ನಡೆದದ್ದು ಪಕ್ಕದ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ. ಹೈದರಾಬಾದಿನ ಇಸಿಐಎಲ್ ಕಾರ್ಖಾನೆ ಟಿವಿಯನ್ನೂ ಕಂಪ್ಯೂಟರನ್ನೂ ಒಂದೇ ಹೆಸರಿನಡಿ ತಯಾರಿಸುತ್ತಿತ್ತು. ಆದರೂ ಟಿವಿ ಪರದೆ ಮತ್ತು ಕಂಪ್ಯೂಟರ್ ಪರದೆ ಇಲ್ಲಿ ಬೇರೆ ಬೇರೆ ಜಾತಿಯಾಗಿಯೇ ಉಳಿದವು.

ಈಗ ಕನ್ನಡದ ಲೆಕ್ಕ ನೋಡೋಣ. 34 ವ್ಯಂಜನ, ಪ್ರತಿಯೊಂದಕ್ಕೂ 13 ಸ್ವರದ ರೂಪ ಮತ್ತು ಒಂದು ಅರ್ಧಾಕ್ಷರ ಎಂದರೆ 476 ಆಕಾರ. ಒಂದೇ ಒಂದು ಒತ್ತು ಸೇರಿಸಿದರೂ ಲೆಕ್ಕಕ್ಕೆ ಬರುವ ಜೋಡಣೆಗಳು 16,184. ಇವುಗಳಲ್ಲಿ ಬಳಕೆಯಲ್ಲಿರುವುದು ಸಣ್ಣ ಭಾಗ, ನಿಜ. ಆದರೆ ಎಂಡಿಎ, ಸಿಜಿಎ ಕಾರ್ಡುಗಳಲ್ಲಿ ಇದ್ದದ್ದು 256 ಆಕಾರ ಮಾತ್ರ. ಅವೂ ಕಾರ್ಡಿನ ಮೇಲಿನ ರಾಮ್ ಅಲ್ಲದ, ಶಾಶ್ವತವಾಗಿ ಬರೆದಿಟ್ಟ ಚಿಪ್ಪಿನಲ್ಲಿ. 65 ಎಂಬ ಸಂಖ್ಯೆ ಕಳಿಸಿದರೆ ಇಂಗ್ಲಿಷಿನ ಮೊದಲ ಅಕ್ಷರವೇ ಮೂಡಬೇಕು. ಅದನ್ನು ಅಕಾರ ಮಾಡಲು ತಂತ್ರಾಂಶ ಬರೆಯುವವನಿಗೆ ದಾರಿಯಿಲ್ಲ. ಎತ್ತರದ ಲೆಕ್ಕ ಇನ್ನೂ ಕಠಿಣ. ತಲೆಕಟ್ಟು ಮತ್ತು ಗುಡಿಸಿಗೆ ಮೂರು ನಾಲ್ಕು ಗೆರೆ, ಅಕ್ಷರದ ಒಡಲಿಗೆ ಏಳು, ಒತ್ತಿಗೆ ಐದು, ಸಾಲುಗಳ ನಡುವೆ ಒಂದು ಬಿಡುವು. ನನ್ನ ಎಣಿಕೆಯಲ್ಲಿ ಓದಲು ಬರುವ ಕನ್ನಡದ ಸಾಲಿಗೆ ಕನಿಷ್ಠ 16 ಗೆರೆ ಬೇಕು. ಎಂಟು ಗೆರೆಯಲ್ಲಿ ಒತ್ತಕ್ಷರ ಬರೆದರೆ ಒಡಲು ಅಪ್ಪಚ್ಚಿಯಾಗುತ್ತದೆ, ಭಕಾರದ ಸೀಳು ಒಂದು ಚುಕ್ಕಿಗೆ ಇಳಿಯುತ್ತದೆ, ಭಾಲ್ಕಿ ಬಾಲ್ಕಿಯಾಗುತ್ತದೆ. ಠಾಣಾ ಕುಶನೂರಿನ ಠಕಾರ ರಕಾರವಾಗಲು ಒಂದು ಚುಕ್ಕಿ ಮಾಸಿದರೆ ಸಾಕು.

ಥಾಯ್ ವಿದ್ಯಾರ್ಥಿಯ ಕಾರ್ಡು

ಇದೇ ತೊಡಕನ್ನು ಮೊದಲು ಬಿಡಿಸಿದವನು ಅಮೆರಿಕದಲ್ಲಿ ಓದುತ್ತಿದ್ದ ಥಾಯ್ಲೆಂಡಿನ ವಾನ್ ಸುವನ್ನುಕುಲ್. ಥಾಯ್ ಲಿಪಿಯೂ ನಮ್ಮ ಲಿಪಿಗಳ ಬಳಗದ್ದೇ: ಸ್ವರಚಿಹ್ನೆ ಅಕ್ಷರದ ಮೇಲೂ ಕೆಳಗೂ ಕೂರುತ್ತದೆ, ಅದರ ಮೇಲೆ ಮತ್ತೆ ಸ್ವರಭಾರದ ಗುರುತು. ತನ್ನ ಡಾಕ್ಟರೇಟ್ ಪ್ರಬಂಧದ ಕೆಲಸಕ್ಕೆ ಐಬಿಎಂ ಪಿಸಿಯಲ್ಲಿ ಥಾಯ್ ಅಕ್ಷರ ಬೇಕೆಂದಾಗ ಅವನಿಗೆ ಎಂಡಿಎ ಆಗಿಬರಲಿಲ್ಲ, ಅದರ ಅಕ್ಷರಗಳು ಸ್ಥಿರ. ಸಿಜಿಎ ಆಗಿಬರಲಿಲ್ಲ, ಅದರ ಗೆರೆಗಳು ಸಾಲವು. ಅವನೇ ಒಂದು ಕಾರ್ಡು ರೂಪಿಸಿದ. ಕೆವಿನ್ ಜೆಂಕಿನ್ಸ್ ಜೊತೆ ಕಂಪನಿ ಕಟ್ಟಿ 1982ರಲ್ಲಿ ಅದನ್ನು ಮಾರುಕಟ್ಟೆಗೆ ತಂದ. ಹರ್ಕ್ಯುಲಿಸ್ ಗ್ರಾಫಿಕ್ಸ್ ಕಾರ್ಡ್ ಎಂದು ಜಗತ್ತಿಗೆ ಗೊತ್ತಾದದ್ದು ಅದು.

ಹರ್ಕ್ಯುಲಿಸ್‌ನ ಜಾಣ್ಮೆ ಇದ್ದದ್ದು ಎಂಡಿಎಯನ್ನು ಬಿಟ್ಟುಕೊಡದೆ ಅದರೊಳಗೇ ಹೊಸ ಬಾಗಿಲು ತೆರೆದದ್ದರಲ್ಲಿ. ಅದೇ ಹಸಿರು ಮಾನಿಟರ್, ಅದೇ ಒಂಬತ್ತು ಪಿನ್ನಿನ ಕನೆಕ್ಟರ್, ಇಂಗ್ಲಿಷ್ ಬರಹಕ್ಕೆ ಅದೇ 80 ಅಂಕಣ 25 ಸಾಲು. ಅದಲ್ಲದೆ 720 ಚುಕ್ಕಿ ಅಗಲ 348 ಗೆರೆ ಎತ್ತರದ ಪರದೆಯಲ್ಲಿ ಪ್ರತಿ ಚುಕ್ಕಿಯನ್ನೂ ಬೇರೆಯಾಗಿ ಹೊತ್ತಿಸುವ, ಆರಿಸುವ ಸೌಲಭ್ಯ. ಒಂದು ಪರದೆಗೆ 31,320 ಬೈಟ್ ಬೇಕು. ಕಾರ್ಡಿನಲ್ಲಿ 64 ಕಿಲೋಬೈಟ್ ಇದ್ದುದರಿಂದ ಎರಡು ಪರದೆಯಷ್ಟು ಚಿತ್ರ ಹಿಡಿಸುತ್ತಿತ್ತು. ಬಣ್ಣ ಒಂದೇ. ಹಾಗಾಗಿ ಬಣ್ಣದ ಲೆಕ್ಕದಲ್ಲಿ ಬರೆದ ಚರಿತ್ರೆಗಳಲ್ಲಿ ಹರ್ಕ್ಯುಲಿಸ್‌ಗೆ ಸಿಗುವುದು ಅರ್ಧ ಪುಟ. ಗೆರೆಯ ಲೆಕ್ಕದಲ್ಲಿ ನೋಡಿದರೆ ಹರ್ಕ್ಯುಲಿಸ್ ಆ ದಶಕದ ಅತಿ ಮುಖ್ಯ ಕಾರ್ಡು. 16 ಗೆರೆಯ ಕನ್ನಡ ಸಾಲು ಸಿಜಿಎಯಲ್ಲಿ ಹನ್ನೆರಡು ಮಾತ್ರ ಹಿಡಿಸಿದರೆ ಹರ್ಕ್ಯುಲಿಸ್‌ನಲ್ಲಿ ಇಪ್ಪತ್ತೊಂದು ಹಿಡಿಸುತ್ತಿತ್ತು. ಹನ್ನೆರಡು ಸಾಲಿನಲ್ಲಿ ಅರ್ಜಿ ಬರೆಯಲಾಗದು, ಇಪ್ಪತ್ತೊಂದರಲ್ಲಿ ಬರೆಯಬಹುದು.

ಬೀದರ ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಶಿಕ್ಷಣ ಕಾಲಿಟ್ಟದ್ದೂ ಇದೇ ವರ್ಷಗಳ ಆಸುಪಾಸಿನಲ್ಲಿ. ಬೀದರದ ಗುರುನಾನಕ ದೇವ ಎಂಜಿನಿಯರಿಂಗ್ ಕಾಲೇಜು 1980ರಲ್ಲಿ ಆರಂಭವಾಯಿತು. ಈಗ ಭೀಮಣ್ಣ ಖಂಡ್ರೆ ತಾಂತ್ರಿಕ ಮಹಾವಿದ್ಯಾಲಯ ಎನಿಸಿರುವ ಭಾಲ್ಕಿಯ ರೂರಲ್ ಎಂಜಿನಿಯರಿಂಗ್ ಕಾಲೇಜು 1982ರದು, ಹರ್ಕ್ಯುಲಿಸ್‌ನ ಓರಗೆ. ಎರಡೂ 1980ರಲ್ಲೇ ಹುಟ್ಟಿದ ಗುಲಬರ್ಗಾ ವಿಶ್ವವಿದ್ಯಾಲಯದ ನೆರಳಿನಲ್ಲಿ ಬೆಳೆದು, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅದರ ಅಡಿಗೆ ಬಂದವು. ಆ ಕಾಲದ ಭಾರತದ ಕಾಲೇಜುಗಳಲ್ಲಿ ಏಕವರ್ಣದ ಮಾನಿಟರೇ ಸಾಮಾನ್ಯ: ಬೆಲೆ ಕಡಿಮೆ, ಅಕ್ಷರ ಸ್ಪಷ್ಟ. ತೈವಾನಿನಿಂದ ಬಂದ ಹರ್ಕ್ಯುಲಿಸ್ ನಕಲು ಕಾರ್ಡುಗಳು ಆ ಮಾನಿಟರುಗಳ ಹಿಂದಿದ್ದವು.

ಆ ತಲೆಮಾರಿನ ಎಂಜಿನಿಯರಿಗೆ ಪರದೆಯ ದರ್ಜೆಗಳ ಪರಿಚಯವಾದದ್ದು ಕಾರ್ಡಿನಿಂದಲ್ಲ, ಬೋರ್ಲ್ಯಾಂಡ್ ಕಂಪನಿಯ ಟರ್ಬೋ ಸಿ ಎಂಬ ಪ್ರೋಗ್ರಾಮ್ ಬರೆಯುವ ತಂತ್ರಾಂಶದ ಮೂಲಕ. ಅದರ ಬಿಜಿಐ ಫೋಲ್ಡರಿನಲ್ಲಿ ಸಿಜಿಎಗೆ ಒಂದು ಕಡತ, ಹರ್ಕ್ಯುಲಿಸ್‌ಗೆ ಒಂದು, ಆಮೇಲೆ ಬಂದ ಇಜಿಎ ಮತ್ತು ವಿಜಿಎ ಕಾರ್ಡುಗಳಿಗೆ ಸೇರಿ ಒಂದು. ವೃತ್ತ ಎಳೆಯುವ ಪ್ರೋಗ್ರಾಮ್ ಓಡಿಸುವ ಮೊದಲು ಆ ಫೋಲ್ಡರಿನ ದಾರಿಯನ್ನು ಸರಿಯಾಗಿ ಬರೆಯಬೇಕು. ತಪ್ಪಿದರೆ ಗ್ರಾಫಿಕ್ಸ್ ಶುರುವಾಗಿಲ್ಲ ಎಂಬ ಸೂಚನೆ. ಪರೀಕ್ಷೆಯ ದಿನ ಈ ಒಂದು ಸಾಲಿಗೆ ಬೆವರಿದವರು ಇಂದು ಬೆಂಗಳೂರು, ಹೈದರಾಬಾದಿನ ಕಂಪನಿಗಳಲ್ಲಿ ಹಿರಿಯ ಹುದ್ದೆಯಲ್ಲಿದ್ದಾರೆ. ಪರದೆಯ ದರ್ಜೆ ಎಂದರೆ ಅವರಿಗೆ ಸ್ಟ್ಯಾಂಡರ್ಡ್ ಅಲ್ಲ, ಒಂದು ಕಡತದ ಹೆಸರು.

ರಿಪೇರಿ ಮಾಡುವವರ ಕಷ್ಟ ಬೇರೆ. ಎಂಡಿಎ, ಸಿಜಿಎ, ಇಜಿಎ ಮೂರಕ್ಕೂ ಒಂಬತ್ತು ಪಿನ್ನಿನ ಒಂದೇ ಆಕಾರದ ಕನೆಕ್ಟರ್. ಒಳಗಿನ ಸಂಕೇತ, ಗೆರೆ ಎಳೆಯುವ ವೇಗ ಎರಡೂ ಬೇರೆ. ಎಂಡಿಎಯದು ಸೆಕೆಂಡಿಗೆ 18,432 ಗೆರೆ, ಸಿಜಿಎಯದು 15,700ರ ಸುತ್ತಮುತ್ತ. ಒಂದರ ಮಾನಿಟರನ್ನು ಇನ್ನೊಂದರ ಕಾರ್ಡಿಗೆ ಸಿಕ್ಕಿಸುವುದಕ್ಕೆ ಯಾವ ತಡೆಯೂ ಇರಲಿಲ್ಲ. ಐಬಿಎಂನ ಹಸಿರು ಮಾನಿಟರಂತೂ ತಪ್ಪು ವೇಗದ ಸಂಕೇತ ಬಂದರೆ ಹಾಳಾಗುತ್ತದೆಂದು ಹೆಸರಾಗಿತ್ತು. 6845ರ ರಿಜಿಸ್ಟರಿನಲ್ಲಿ ತಪ್ಪು ಅಂಕಿ ಬರೆದ ಪ್ರೋಗ್ರಾಮೂ ಅದನ್ನು ಕೆಡಿಸಬಲ್ಲದು. ತಂತ್ರಾಂಶದಿಂದ ಯಂತ್ರ ಸುಡಬಹುದು ಎಂಬ ಮಾತು ಆ ಕಾಲದಲ್ಲಿ ಅತಿಶಯೋಕ್ತಿ ಆಗಿರಲಿಲ್ಲ.

ಕಾನ್ಪುರದಿಂದ ಪುಣೆಗೆ

ಜಪಾನ್ ಈ ತೊಡಕಿಗೆ ತನ್ನದೇ ಯಂತ್ರ ಕಟ್ಟಿತು. 1982ರ ಅಕ್ಟೋಬರಿನಲ್ಲಿ ಬಂದ ಎನ್‌ಇಸಿ ಪಿಸಿ-9801ಕ್ಕೆ 400 ಗೆರೆಯ ಪರದೆ. ಕಾಂಜಿ ಅಕ್ಷರಗಳಿಗೆ ಪ್ರತ್ಯೇಕ ಸ್ಮೃತಿ. ಐಬಿಎಂ ಕೂಡ ಜಪಾನಿಗೆಂದು ಬೇರೆ ಯಂತ್ರ ಮಾಡಬೇಕಾಯಿತು. ಭಾರತಕ್ಕೆ ಅಷ್ಟು ದೊಡ್ಡ ಮಾರುಕಟ್ಟೆಯೂ ಇರಲಿಲ್ಲ, ಒಂದೇ ಲಿಪಿಯೂ ಇರಲಿಲ್ಲ. ಇಲ್ಲಿ ಉತ್ತರ ಬಂದದ್ದು ಐಐಟಿ ಕಾನ್ಪುರದಿಂದ. ಆರ್.ಎಂ.ಕೆ. ಸಿನ್ಹಾ ಅವರ ತಂಡ ದೇವನಾಗರಿ ಟರ್ಮಿನಲ್ ಒಂದನ್ನು ಕಟ್ಟಿ 1983ರಲ್ಲಿ ದೆಹಲಿಯ ವಿಶ್ವ ಹಿಂದಿ ಸಮ್ಮೇಳನದಲ್ಲಿ ತೋರಿಸಿತು. ಅಲ್ಲಿಂದ ಬೆಳೆದದ್ದು ಜಿಸ್ಟ್ ತಂತ್ರಜ್ಞಾನ. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸ್ಥಾಪನೆಯಾದಾಗ ಮೋಹನ್ ತಾಂಬೆ ಅವರೊಂದಿಗೆ ಅದು ಅಲ್ಲಿಗೆ ಹೋಯಿತು, ಪಿಸಿಯೊಳಗೆ ಸಿಕ್ಕಿಸುವ ಜಿಸ್ಟ್ ಕಾರ್ಡಾಗಿ ಮಾರಾಟಕ್ಕೆ ಬಂತು.

ಜಿಸ್ಟ್ ಕಾರ್ಡಿನ ಕೆಲಸ ಹೀಗೆ. ಕಂಪ್ಯೂಟರಿನಲ್ಲಿ 256 ಸಂಖ್ಯೆಗಳಲ್ಲಿ ಮೊದಲ ಅರ್ಧ ಇಂಗ್ಲಿಷಿಗೆ, ಮೇಲಿನ ಅರ್ಧ ಭಾರತೀಯ ಅಕ್ಷರಕ್ಕೆ. ಡಿಬೇಸ್, ವರ್ಡ್‌ಸ್ಟಾರ್, ಲೋಟಸ್‌ನಂತಹ ತಂತ್ರಾಂಶ ತನಗೆ ತಿಳಿದ ಹಾಗೆ ಪರದೆಗೆ ಸಂಖ್ಯೆ ಬರೆಯುತ್ತ ಹೋಗುತ್ತದೆ. ಅದು ಕನ್ನಡವೆಂದು ಅದಕ್ಕೆ ಗೊತ್ತೇ ಇಲ್ಲ. ಕಾರ್ಡು ಆ ಸಂಖ್ಯೆಗಳನ್ನು ನಡುವೆ ಹಿಡಿದು, ಉಚ್ಚಾರದ ಕ್ರಮದಲ್ಲಿರುವ ಅಕ್ಷರಗಳನ್ನು ಬರೆಯುವ ಕ್ರಮಕ್ಕೆ ಜೋಡಿಸಿ, ಒತ್ತು ಎಲ್ಲಿಗೆ, ಅರ್ಕಾವತ್ತು ಎಲ್ಲಿಗೆ ಎಂದು ತೀರ್ಮಾನಿಸಿ ಆಕಾರ ಮೂಡಿಸುತ್ತದೆ. ಈ ಸಂಕೇತಪಟ್ಟಿಯೇ ಇಸ್ಕಿ. 1988ರಲ್ಲಿ ಪರಿಷ್ಕರಣೆಯಾಗಿ 1991ರಲ್ಲಿ ಭಾರತೀಯ ಮಾನಕ ಬ್ಯೂರೋದ ಐಎಸ್ 13194 ಆಯಿತು. ಅದರ ಜೋಡಿ ಇನ್‌ಸ್ಕ್ರಿಪ್ಟ್ ಕೀಲಿಮಣೆ.

ಇಸ್ಕಿಯ ಒಂದು ಗುಣ ಗಡಿನಾಡಿಗೆ ಹೇಳಿ ಮಾಡಿಸಿದಂತಿತ್ತು. ಬ್ರಾಹ್ಮಿಯಿಂದ ಬಂದ ಲಿಪಿಗಳೆಲ್ಲಕ್ಕೂ ಅದರಲ್ಲಿ ಒಂದೇ ಸಂಖ್ಯೆ: ಕನ್ನಡದ ಕ, ದೇವನಾಗರಿಯ ಕ, ತೆಲುಗಿನ ಕ ಎಲ್ಲವೂ ಒಂದೇ. ಒಮ್ಮೆ ತುಂಬಿಸಿದ ಹೆಸರಿನ ಪಟ್ಟಿಯನ್ನು ಲಿಪಿ ಬದಲಿಸಿ ತೋರಿಸಬಹುದು. ಔರಾದ ತಾಲೂಕಿನ ಮರಾಠಿ ಮಾತಾಡುವ ಊರಿನ ಪಟ್ಟಿ ಕಚೇರಿಗೆ ಕನ್ನಡದಲ್ಲಿ, ಊರವರಿಗೆ ದೇವನಾಗರಿಯಲ್ಲಿ. ತಂತ್ರಜ್ಞಾನ ಒಪ್ಪಿದ್ದನ್ನು ಆಡಳಿತ ಎಷ್ಟು ಬಳಸಿತು ಎಂಬುದು ಬೇರೆ ಮಾತು.

ಇದರ ಮಿತಿಯೂ ಅಷ್ಟೇ ಸ್ವಾರಸ್ಯದ್ದು. ಡಿಬೇಸ್‌ನಲ್ಲಿ ಹೆಸರಿನ ಅಂಕಣಕ್ಕೆ ಇಷ್ಟು ಅಕ್ಷರ ಎಂದು ಮೊದಲೇ ಅಳತೆ ಕೊಡಬೇಕು. ಇಂಗ್ಲಿಷಿನವನ ಕಣ್ಣಲ್ಲಿ ಹತ್ತು ಅಕ್ಷರ ಸಾಕು. ಮಲ್ಲಿಕಾರ್ಜುನ ನಮಗೆ ಐದು ಅಕ್ಷರ, ಇಸ್ಕಿಗೆ ಹನ್ನೆರಡು ಸಂಖ್ಯೆ. ಹತ್ತರ ಅಳತೆ ಕೊಟ್ಟರೆ ಹೆಸರು ಜಕಾರದಲ್ಲೇ ತುಂಡಾಗಿ ಮಲ್ಲಿಕಾರ್ಜ ಎಂದು ನಿಲ್ಲುತ್ತದೆ. ತಂದೆಯ ಹೆಸರು, ಅಡ್ಡಹೆಸರು ಸೇರಿಸಿದರೆ ತುಂಡಾಗುವ ಸಾಧ್ಯತೆ ಇನ್ನೂ ಹೆಚ್ಚು. 80 ಅಂಕಣದ ಪರದೆಯ ಹಿಂದಿನ ಊಹೆ, ಒಂದು ಅಕ್ಷರಕ್ಕೆ ಒಂದು ಮನೆ ಎಂಬುದು. ಆ ಊಹೆ ಪರದೆಯಿಂದ ದತ್ತಾಂಶಕ್ಕೂ ಇಳಿದಿತ್ತು.

ವಿಜಿಎ ಬಂದ ಮೇಲೆ

1984ರ ಇಜಿಎ 350 ಗೆರೆ, 64ರಲ್ಲಿ ಆಯ್ದ 16 ಬಣ್ಣ ಕೊಟ್ಟಿತು. ಬಣ್ಣಕ್ಕಿಂತ ದೊಡ್ಡ ಸುಧಾರಣೆ ಅದರ ಅಕ್ಷರಗಳು ರಾಮ್‌ಗೆ ಬಂದದ್ದು. ಇನ್ನು ಮುಂದೆ ಯಾರು ಬೇಕಾದರೂ ತಮ್ಮ ಅಕ್ಷರಗಳನ್ನು ತುಂಬಬಹುದು. 1987ರಲ್ಲಿ ಐಬಿಎಂ ಪಿಎಸ್/2 ಸರಣಿಯೊಂದಿಗೆ ಬಂದ ವಿಜಿಎ ಇದನ್ನೇ ಮುಂದುವರಿಸಿತು. ಬರಹದ ಪರದೆಗೆ 400 ಗೆರೆ, ಅಂದರೆ ಪ್ರತಿ ಸಾಲಿಗೆ ಸರಿಯಾಗಿ 16. ಚಿತ್ರದ ಪರದೆಗೆ 640 ಚುಕ್ಕಿ, 480 ಗೆರೆ. ಸಂಕೇತ ಅನಲಾಗ್ ಆಯಿತು, ಕನೆಕ್ಟರಿಗೆ ಹದಿನೈದು ಪಿನ್ನು ಬಂದವು, ಗೆರೆ ಎಳೆಯುವ ವೇಗ ಸೆಕೆಂಡಿಗೆ 31,500ರ ಹತ್ತಿರ ಹೋಯಿತು. ಬರಹದ ಪರದೆಯಲ್ಲಿ ಒಮ್ಮೆಗೆ 512 ಆಕಾರ ಇಟ್ಟುಕೊಳ್ಳಬಹುದಿತ್ತು. 476 ಗುಣಿತಾಕ್ಷರ ತುಂಬಿದರೆ ಒತ್ತುಗಳಿಗೆ ಉಳಿಯುವುದು 36 ಮನೆ. ಇಂಗ್ಲಿಷಿಗೂ ಅಂಕಿಗೂ ಏನೂ ಇಲ್ಲ. ಹಾಗಾಗಿ ಬರಹದ ಪರದೆಯನ್ನು ಬಿಟ್ಟು ಚಿತ್ರದ ಪರದೆಯಲ್ಲೇ ಅಕ್ಷರ ಬರೆಯುವುದು ಅನಿವಾರ್ಯವಾಯಿತು. 480 ಗೆರೆಯಲ್ಲಿ ಒಂದು ಸಾಲಿಗೆ 20 ಕೊಟ್ಟರೂ 24 ಸಾಲು ಸಿಗುತ್ತದೆ. ಕನ್ನಡ ಪರದೆಯಲ್ಲಿ ಉಸಿರಾಡಿದ್ದು ಇಲ್ಲಿ. 1990ರಲ್ಲಿ ಐಬಿಎಂ ಜಪಾನ್ ಕೂಡ ಡಾಸ್/ವಿ ಹೊರತಂದು, ವಿಜಿಎ ಇದ್ದರೆ ಕಾಂಜಿಗೆ ವಿಶೇಷ ಯಂತ್ರ ಬೇಡ ಎಂದು ತೋರಿಸಿತು.

ಅಲ್ಲಿಂದ ಮುಂದಿನದು ಬೇಗ ಮುಗಿಯುವ ಕತೆ. ವಿಂಡೋಸ್ ಬಂತು. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್‌ನ ಆಕೃತಿ, ಸೊನಾಟಾದ ಪ್ರಕಾಶಕ್ ಡಿಟಿಪಿ ಅಂಗಡಿಗಳಿಗೆ ಬಂದವು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಕೀಲಿಮಣೆಗೆ ಕೆ.ಪಿ. ರಾವ್ ಅವರ ವಿನ್ಯಾಸ. ಇವು ಅಕ್ಷರವನ್ನು ತುಣುಕುಗಳಾಗಿ ಒಡೆದು, ಒತ್ತಿಗೆ ಅಗಲವಿಲ್ಲದ ತುಣುಕನ್ನು ಇಟ್ಟು ಕೆಲಸ ಸಾಗಿಸಿದವು. ಕನ್ನಡ ಬೆರಳಚ್ಚು ಯಂತ್ರದಲ್ಲಿ ಕೆಲವು ಕೀಲಿ ಒತ್ತಿದರೆ ಗಾಡಿ ಮುಂದೆ ಸರಿಯದಿರುವ ಹಳೆಯ ಉಪಾಯವೇ ಇದು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಅಕ್ಷರಶೈಲಿಯೊಂದಿಗೆ ಯುನಿಕೋಡ್ ಕನ್ನಡವನ್ನು ತಂದಿತು. ಯುನಿಕೋಡಿನ ಕನ್ನಡ ಭಾಗ ಇಸ್ಕಿಯ ಕ್ರಮವನ್ನೇ ಅನುಸರಿಸಿದ್ದು.

ಬೀದರಿನ ಇನ್ನೊಂದು ಲಿಪಿ ಈ ಸಾಲಿನಿಂದ ಹೊರಗೇ ಉಳಿಯಿತು. 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದ, ಮಹಮೂದ್ ಗವಾನನ ಮದರಸಾ ಇರುವ ಊರಿನಲ್ಲಿ ಉರ್ದು ಪರಕೀಯವಲ್ಲ. ಹಳೆಯ ಕಂದಾಯ ದಾಖಲೆಗಳ ಭಾಷೆಯೂ ಅದೇ. ಆದರೆ ಇಸ್ಕಿ ಬ್ರಾಹ್ಮಿ ಮೂಲದ ಲಿಪಿಗಳದ್ದು, ಉರ್ದುವಿಗೆ ಅದರಲ್ಲಿ ಜಾಗವಿಲ್ಲ. ನಸ್ತಾಲಿಕ್ ಬರಹ ಬಲಮೇಲಿನಿಂದ ಎಡಕೆಳಕ್ಕೆ ಇಳಿಜಾರಾಗಿ ಹರಿಯುವುದರಿಂದ ಗೆರೆಯ ಹಸಿವು ಕನ್ನಡಕ್ಕಿಂತ ಹೆಚ್ಚು. 1981ರಲ್ಲಿ ಮಿರ್ಜಾ ಅಹಮದ್ ಜಮೀಲ್ ಮೋನೋಟೈಪ್ ಕಂಪನಿಗೆ ಮಾಡಿಕೊಟ್ಟ ನೂರಿ ನಸ್ತಾಲಿಕ್‌ಗೆ ಸುಮಾರು 20,000 ಜೋಡಣೆಗಳು ಬೇಕಾದವು. ದೆಹಲಿಯ ಇನ್‌ಪೇಜ್ ತಂತ್ರಾಂಶದ ಮೂಲಕ ಅದು ಸಾಮಾನ್ಯ ಪಿಸಿಗೆ ಬಂದದ್ದು 1994ರಲ್ಲಿ, ವಿಂಡೋಸ್ ಮತ್ತು ವಿಜಿಎ ಎರಡೂ ಸಾಮಾನ್ಯವಾದ ಮೇಲೆ.

ಪಹಣಿ ಪರದೆಗೆ ಬಂದದ್ದು

ಸರಕಾರಿ ಕಂಪ್ಯೂಟರ್ ಜಿಲ್ಲೆಗೆ ಬಂದದ್ದು ನಿಕ್‌ನೆಟ್ ಜಾಲದ ಕಾಲದಲ್ಲಿ. 1980ರ ದಶಕದ ಉತ್ತರಾರ್ಧದಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರ ದೇಶದ ಜಿಲ್ಲಾ ಕೇಂದ್ರಗಳನ್ನು ಉಪಗ್ರಹದ ಮೂಲಕ ಜೋಡಿಸತೊಡಗಿತು. ಕೇಂದ್ರದ ನೆರವಿನ ಭೂದಾಖಲೆ ಗಣಕೀಕರಣ ಕರ್ನಾಟಕದಲ್ಲಿ ಮೊದಲು ಆರಂಭವಾದದ್ದು 1991ರಲ್ಲಿ ಗುಲಬರ್ಗಾ ಜಿಲ್ಲೆಯಲ್ಲಿ. 1996ರ ಹೊತ್ತಿಗೆ ಯೋಜನೆ ಎಲ್ಲ ಜಿಲ್ಲೆಗಳಿಗೆ ವಿಸ್ತರಿಸಿತು. ಒಂದು ಮೂಲಭೂತ ಕೊರತೆ ಉಳಿಯಿತು: ಪಹಣಿ ಬರೆಯುವುದು, ತಿದ್ದುವುದು ಎಲ್ಲವೂ ತಾಲೂಕು ಮತ್ತು ಹಳ್ಳಿಯ ಮಟ್ಟದಲ್ಲಿ, ತಾಲೂಕಿಗೆ ಕಂಪ್ಯೂಟರ್ ಕೊಡುವ ಅವಕಾಶ ಆ ಯೋಜನೆಯಲ್ಲಿ ಇರಲಿಲ್ಲ. ಬೀದರಿನ ಪರದೆಯಲ್ಲಿ ತುಂಬಿದ ದತ್ತಾಂಶ ತುಂಬಿದ ದಿನಕ್ಕೇ ಹಳತು. ಔರಾದದಲ್ಲೋ ಭಾಲ್ಕಿಯಲ್ಲೋ ಲೆಕ್ಕಿಗನ ಕೈಬರಹದ ಪುಸ್ತಕ ಮುಂದೆ ಓಡುತ್ತಿತ್ತು.

ಆ ಕೊರತೆ ನೀಗಿದ್ದು ಭೂಮಿ ಯೋಜನೆಯಿಂದ. ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಶತಮಾನದ ತಿರುವಿನಲ್ಲಿ ಜಾರಿಯಾದ ಇದು ಸುಮಾರು 9,000 ಗ್ರಾಮ ಲೆಕ್ಕಿಗರ ಬಳಿಯಿದ್ದ, 67 ಲಕ್ಷ ಭೂಮಾಲೀಕರ ಎರಡು ಕೋಟಿ ದಾಖಲೆಗಳನ್ನು ತಾಲೂಕು ಕಚೇರಿಯ ಕಂಪ್ಯೂಟರಿಗೆ ತಂದಿತು. ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಸಿಗುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಈ ಲೇಖನದ ದೃಷ್ಟಿಯಿಂದ ಭೂಮಿ ಕೇಂದ್ರದ ವಿನ್ಯಾಸದಲ್ಲಿ ಒಂದು ಅಂಶ ಮುಖ್ಯ. ಅದರ ಬಗ್ಗೆ ಬಂದ ಅಧ್ಯಯನಗಳು ಇದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತವೆ. ಕೌಂಟರಿನಲ್ಲಿ ಎರಡು ಮಾನಿಟರ್: ಒಂದು ಸಿಬ್ಬಂದಿಗೆ, ಇನ್ನೊಂದು ರೈತನ ಕಡೆಗೆ ಮುಖ ಮಾಡಿದ್ದು. ಒಳಗೆ ಏನು ನಡೆಯುತ್ತಿದೆ ಎಂದು ರೈತ ಆಗಲೇ ನೋಡಬೇಕೆಂಬುದು ಉದ್ದೇಶ. ಕೆಲವು ತಾಲೂಕುಗಳಲ್ಲಿ ಪ್ರಾಯೋಗಿಕವಾಗಿ ಟಚ್‌ಸ್ಕ್ರೀನ್ ಕೂಡ ಇಟ್ಟರು.

ನಿಜಾಮನ ಕಾಲದ ಪಟವಾರಿಯ ಬಸ್ತಾವನ್ನು ರೈತ ಎಂದೂ ತಿರುವಿ ನೋಡಿದವನಲ್ಲ. ಲಿಪಿ ಉರ್ದು, ಲೆಕ್ಕ ಪಟವಾರಿಯದು. ಆಮೇಲಿನ ಕನ್ನಡ ಪಹಣಿಯೂ ಲೆಕ್ಕಿಗನ ಕೈಬರಹಕ್ಕೆ ಒಳಪಟ್ಟದ್ದು. ಕೌಂಟರಿನ ಈಚೆಗೆ ತಿರುಗಿಸಿಟ್ಟ ಪರದೆಯಲ್ಲಿ ಖಟಕಚಿಂಚೋಳಿಯ, ನಿಟ್ಟೂರಿನ, ಸಂತಪೂರದ ರೈತ ತನ್ನ ಸರ್ವೆ ನಂಬರು, ತನ್ನ ಹೆಸರು ಕನ್ನಡದಲ್ಲಿ ಓದಬಲ್ಲವನಾದರೆ ತಪ್ಪನ್ನು ಅಲ್ಲೇ ಹೇಳಬಲ್ಲ. ಓದಲು ಬಾರದವನಿಗೆ ಜೊತೆಗೆ ಬಂದ ಮಗಳು ಓದಿ ಹೇಳಬಲ್ಲಳು. ಇದು ಎಂಟು ಗೆರೆಯ ಅಕ್ಷರದಲ್ಲಿ ಆಗುವ ಕೆಲಸವಲ್ಲ. ಪಾರದರ್ಶಕತೆಯ ಬಗ್ಗೆ ಭೂಮಿಗೆ ಬಂದ ಹೊಗಳಿಕೆಯಲ್ಲಿ ತಂತ್ರಾಂಶಕ್ಕೆ, ಅಧಿಕಾರಿಗಳಿಗೆ ಪಾಲು ಸಿಕ್ಕಿದೆ. ಒತ್ತಕ್ಷರವನ್ನು ಓದುವಂತೆ ತೋರಿಸಬಲ್ಲ ಪರದೆ ಅಷ್ಟು ಹೊತ್ತಿಗೆ ತಾಲೂಕಿನ ಬೆಲೆಗೆ ಇಳಿದಿತ್ತು ಎಂಬುದಕ್ಕೂ ಒಂದು ಪಾಲು ಸಲ್ಲಬೇಕು. ಹತ್ತು ವರ್ಷ ಮೊದಲು ಇದೇ ಯೋಜನೆ ಬಂದಿದ್ದರೆ ಎರಡನೆಯ ಮಾನಿಟರ್ ಇಡುವ ಯೋಚನೆಗೇ ಅರ್ಥವಿರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಗುಲಬರ್ಗಾದ ಭೂದಾಖಲೆ ಗಣಕೀಕರಣ ಪ್ರಯೋಗದ ಸೋಲಿಗೆ ಆಡಳಿತದ ಕಾರಣ ಹೇಳುವವರು ಈ ಕಾರಣವನ್ನೂ ತೂಗಿ ನೋಡಬೇಕು.

ಈ ಚರಿತ್ರೆಯ ಮುಖ್ಯ ಆಧಾರ ಕಾಗದದಲ್ಲಿಲ್ಲ, ವಸ್ತುಗಳಲ್ಲಿದೆ. ಗಾಜಿನ ಟ್ಯೂಬಿನ ಮಾನಿಟರುಗಳು ಸೀಸ ತುಂಬಿದ ಇ-ತ್ಯಾಜ್ಯವಾಗಿ ಕಚೇರಿ, ಕಾಲೇಜುಗಳ ಹರಾಜು ಪಟ್ಟಿ ಸೇರುತ್ತವೆ, ಗುಜರಿಯವರು ತಾಮ್ರಕ್ಕಾಗಿ ಒಡೆಯುತ್ತಾರೆ. ಅವನ್ನೆಲ್ಲ ಕಾಪಾಡಿ ಎಂದು ಕೇಳುವುದು ಅವಿವೇಕ. ಕಾರ್ಡುಗಳ ಮಾತು ಹಾಗಲ್ಲ; ಅಂಗೈಯಗಲದ ವಸ್ತುಗಳು ಅವು. ಬೀದರ, ಭಾಲ್ಕಿ, ಔರಾದದ ಯಾವುದಾದರೂ ಕಚೇರಿಯ ಉಗ್ರಾಣದಲ್ಲಿ, ಕಾಲೇಜಿನ ಪ್ರಯೋಗಾಲಯದಲ್ಲಿ, ಹಳೆಯ ಡಿಟಿಪಿ ಅಂಗಡಿಯ ಅಟ್ಟದಲ್ಲಿ ಜಿಸ್ಟ್ ಕಾರ್ಡೋ, ಹರ್ಕ್ಯುಲಿಸ್ ಕಾರ್ಡೋ, ಒಂಬತ್ತು ಪಿನ್ನಿನ ಮಾನಿಟರೋ, ಕನ್ನಡ ಡಿಬೇಸ್ ಕಡತಗಳಿರುವ ಫ್ಲಾಪಿಯೋ ಉಳಿದಿದ್ದರೆ ಹರಾಜಿಗೆ ಹಾಕುವ ಮೊದಲು ಅದರ ಎರಡೂ ಬದಿಯ ಫೋಟೋ ತೆಗೆಯಿರಿ, ಯಾವ ವರ್ಷ ಯಾವ ಕೆಲಸಕ್ಕೆ ತಂದದ್ದೆಂದು ದಾಸ್ತಾನು ವಹಿಯಿಂದ ಬರೆದಿಡಿ, ವಸ್ತುವನ್ನು ನಿಮ್ಮೂರಿನ ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸಿರಿ.